ಪಿಳ್ಳಮ್ಮನ ಮನೆಪಾಠ

ಸಾನಮಾವು
೧೨ ಜೂನ್ ೧೯೪೪

ಅಕ್ಕನಿಗೂ ಭಾವನಿಗೂ ಕದಿರಪ್ಪನ ನಮಸ್ಕಾರ.

ಇಲ್ಲಿ ಎರಡು ಹದ ಮಳೆ ಬಿದ್ದಿದೆ. ರಾಗಿ ಹೊಲ ಉತ್ತು ಬಿಟ್ಟಿದ್ದೇನೆ. ಬರೆಯುವ ವಿಷಯವೇನೆಂದರೆ, ಈ ವರ್ಷದಿಂದ ಪಿಳ್ಳಮ್ಮನನ್ನು ಶಾಲೆಗೆ ಕಳಿಸುತ್ತಿಲ್ಲ. ಆಚೆ ಊರಿನ ಶಾಲೆಗೆ ಕಾಡಂಚಿನ ದಾರಿಯಲ್ಲೇ ಹೋಗಬೇಕಲ್ಲ, ಈ ಬೇಸಿಗೆಯಲ್ಲಿ ಆನೆಗಳು ಹಾಡುಹಗಲಲ್ಲೇ ಇಳಿಯುತ್ತಿವೆ. ಒಂಬತ್ತು ವರ್ಷದ ಹುಡುಗಿಯನ್ನು ಆ ದಾರಿಯಲ್ಲಿ ಬಿಡಲು ಮನಸ್ಸಾಗಲಿಲ್ಲ. ನಮ್ಮಪ್ಪ ನಮ್ಮಿಬ್ಬರನ್ನೂ ಜಗಲಿಯ ಮೇಲೆ ಕೂರಿಸಿಕೊಂಡು ಕಲಿಸಿದ ಹಾಗೆ ನಾನೂ ಹೊಲಕ್ಕೆ ಹೋಗುವ ಮೊದಲು ಕಲಿಸುತ್ತಿದ್ದೇನೆ. ಹುಡುಗಿ ಚುರುಕಾಗಿದ್ದಾಳೆ. ನೀನು ಚಿಂತೆ ಮಾಡಬೇಡ. ಕಾರ್ಡಿನಲ್ಲಿ ಜಾಗ ಮುಗಿಯಿತು.

ಕದಿರಪ್ಪ

* * *

ಕೃಷ್ಣಗಿರಿ, ಹಳೇಪೇಟೆ
೨೦ ಜೂನ್ ೧೯೪೪

ಕದಿರಪ್ಪನಿಗೆ ನಿನ್ನ ಅಕ್ಕ ಕನಕಮ್ಮ ಹರಸಿ ಬರೆಯುವುದು.

ನಿನ್ನ ಕಾರ್ಡು ಓದಿ ಅಪ್ಪನ ನೆನಪಾಯಿತು. ಊರಿನಲ್ಲಿ ಯಾವ ಹೆಣ್ಣುಮಗುವೂ ಅಕ್ಷರ ಕಾಣದ ಕಾಲದಲ್ಲಿ ಅಪ್ಪ ನನ್ನನ್ನು ಮರಳಿನ ಮುಂದೆ ಕೂರಿಸಿ ಬೆರಳು ಹಿಡಿದು ಬರೆಸಿದ. ಹಾಗಾಗಿ ಮನೆಪಾಠ ಕೆಟ್ಟದ್ದೆಂದು ಹೇಳಲು ನನಗೆ ಬಾಯಿಲ್ಲ. ಈ ಕಾಗದ ಬರೆಯುತ್ತಿರುವುದೂ ಅದರಿಂದಲೇ.

ಆದರೆ ಆನೆ ನಮ್ಮ ಕಾಲದಲ್ಲೂ ಇತ್ತು. ನೀನು ಆ ದಾರಿಯಲ್ಲೇ ಶಾಲೆಗೆ ಹೋದೆ. ಅಷ್ಟು ಭಯವಾದರೆ ಹುಡುಗಿಯನ್ನು ಇಲ್ಲಿಗೆ ಕಳಿಸು. ಹೆಣ್ಣುಮಕ್ಕಳ ಶಾಲೆ ನಮ್ಮ ಮನೆಯಿಂದ ಎರಡು ಬೀದಿ ಆಚೆಗಿದೆ. ಹೇಗಿದ್ದರೂ ಅವಳು ನಾಳೆ ಈ ಮನೆಗೆ ಬರುವವಳೇ. ನಮ್ಮ ನರಸಿಂಹನಿಗೆ ಎಂದು ತೊಟ್ಟಿಲಲ್ಲೇ ಮಾತಾಗಿದೆಯಲ್ಲ. ಅವಳ ಅಮ್ಮ ತೀರಿಕೊಂಡಾಗಲೇ ಕರೆದುಕೊಂಡು ಬರಬೇಕಿತ್ತು ನಾನು. ಪಕ್ಕದ ಮನೆಯ ಬೈರಮ್ಮ ತಲೆ ಬಾಚಿ ನೀರು ಹಾಕುತ್ತಾಳೆ ಎಂಬ ಧೈರ್ಯದ ಮೇಲೆ ಸುಮ್ಮನಾದೆ.

ನಿನ್ನ ಭಾವನಿಗೆ ಹುಣಸೆ ಮಂಡಿಯಲ್ಲಿ ಕೆಲಸ ಜಾಸ್ತಿ. ಹುಣಸೆಹಣ್ಣು ಬಂದು ಬೀಳುತ್ತಿದೆ, ಸಾಗಿಸಲು ಲಾರಿ ಇಲ್ಲ. ಉತ್ತರ ಬರೆ.

ಕನಕಮ್ಮ

* * *

ಸಾನಮಾವು
೯ ಜುಲೈ ೧೯೪೪

ಅಕ್ಕನಿಗೆ ನಮಸ್ಕಾರ.

ಪಿಳ್ಳಮ್ಮನನ್ನು ಕಳಿಸುವುದಕ್ಕೆ ಆಗುವುದಿಲ್ಲ. ನಿಮ್ಮ ಊರಿನ ಶಾಲೆಯಲ್ಲಿ ತಮಿಳು, ಇಲ್ಲಿಯದರಲ್ಲಿ ತೆಲುಗು. ಮನೆಯಲ್ಲಿ ಆಡುವ ಮಾತನ್ನು ಓದಲು ಬಾರದೆ ಹೋದರೆ ಆ ಓದು ಎಂಥದು. ಮೊದಲು ಕನ್ನಡ ಗಟ್ಟಿಯಾಗಲಿ ಎಂದು ನನ್ನ ಆಸೆ. ಈಗ ಕಾಗುಣಿತ ಮುಗಿಸಿ ಕಥೆ ಓದುತ್ತಿದ್ದಾಳೆ. ಅಪ್ಪ ಕಲಿಸಿದ ಕಾಲು, ಅರೆ, ಮುಕ್ಕಾಲಿನ ಮಗ್ಗಿ ಹೇಳುತ್ತಾಳೆ.

ಬೈರಮ್ಮ ಈಗ ಬರುವುದಿಲ್ಲ. ಅವಳಿಗೂ ವಯಸ್ಸಾಯಿತು. ನೀರು ಕಾಯಿಸಿ ಕೊಡುತ್ತೇನೆ, ಹುಡುಗಿ ತಾನೇ ಸ್ನಾನ ಮಾಡಿಕೊಳ್ಳುತ್ತಾಳೆ. ಜಡೆ ಹಾಕುವುದನ್ನು ನಾನೇ ಕಲಿಯುತ್ತಿದ್ದೇನೆ.

ಕದಿರಪ್ಪ

* * *

ಕೃಷ್ಣಗಿರಿ
೨ ಆಗಸ್ಟ್ ೧೯೪೪

ಕದಿರಪ್ಪ,

ಮೊದಲು ಆನೆ ಎಂದೆ. ಈಗ ಭಾಷೆ ಎನ್ನುತ್ತೀಯ. ಮುಂದಿನ ಕಾಗದದಲ್ಲಿ ಏನು ಬರುತ್ತದೋ ನೋಡಬೇಕು. ಬೈರಮ್ಮ ನನಗಿಂತ ಆರು ವರ್ಷಕ್ಕೆ ದೊಡ್ಡವಳು, ಈಗಲೂ ತಲೆಯ ಮೇಲೆ ಸೌದೆ ಹೊರೆ ಹೊತ್ತು ಬರುವವಳು. ಅವಳಿಗೆ ವಯಸ್ಸಾಯಿತು ಎಂದರೆ ನಾನು ನಂಬಬೇಕೆ?

ಬಿಚ್ಚಿ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಹುಡುಗಿಯನ್ನು ಬೇರೆ ಕಡೆ ಕೊಡುವ ಯೋಚನೆ ಇದೆಯೆ? ಅವಲಪಲ್ಲಿಯ ಕಡೆಯವರು ಯಾರೋ ನಿನ್ನ ಮನೆಗೆ ಬಂದು ಹೋದರೆಂದು ನಿನ್ನ ಭಾವ ಸಂತೆಯಲ್ಲಿ ಕೇಳಿಕೊಂಡು ಬಂದರು. ಹಾಗಿದ್ದರೆ ನೇರವಾಗಿ ಹೇಳು. ಹುಡುಗಿಯನ್ನು ಮನೆಯೊಳಗೆ ಕೂರಿಸಿ ಅಕ್ಕನಿಂದ ಮರೆಮಾಡುವುದು ಬೇಡ.

ಗೌರಿ ಹಬ್ಬಕ್ಕೆ ರವಿಕೆ ಬಟ್ಟೆ ಕಳಿಸಿದ್ದೇನೆ. ಈ ಯುದ್ಧದ ಕಾಲದಲ್ಲಿ ಇಷ್ಟು ಸಿಕ್ಕಿದ್ದೇ ಹೆಚ್ಚು. ಬಟ್ಟೆ ತಲುಪಿದ್ದಕ್ಕೆ ಪಿಳ್ಳಮ್ಮನ ಕೈಯಿಂದಲೇ ನಾಲ್ಕು ಸಾಲು ಬರೆಸು.

ಕನಕಮ್ಮ

* * *

ಸಾನಮಾವು
೩೦ ಆಗಸ್ಟ್ ೧೯೪೪

ಅಕ್ಕನಿಗೆ,

ಅವಲಪಲ್ಲಿಯಿಂದ ಬಂದವನು ನಾಟಿ ವೈದ್ಯ. ನನ್ನ ಮೊಣಕಾಲು ನೋವಿಗೆ ಎಣ್ಣೆ ಕೊಟ್ಟು ಹೋದ. ಹೆಣ್ಣು ಕೇಳಲು ಬಂದವನಲ್ಲ. ನಿನ್ನ ಅನುಮಾನಕ್ಕೆ ಮದ್ದಿಲ್ಲ. ಪಿಳ್ಳಮ್ಮ ಬರೆದದ್ದು ಕೆಳಗಿದೆ. ನಾನು ತಿದ್ದಿಲ್ಲ.

ಅತ್ತೆಗೆ ಪಿಳ್ಳಮ್ಮನ ನಮಸ್ಕಾರ. ಅಪ್ಪ ಚೆನ್ನಾಗಿ ಹೇಳಿಕೊಡುತ್ತಾನೆ. ಬೈಯುವುದಿಲ್ಲ. ಜಡೆ ಹಾಕಲು ಮಾತ್ರ ಬರುವುದಿಲ್ಲ. ಹಸು ಕರು ಹಾಕಿದೆ. ರವಿಕೆ ಬಟ್ಟೆ ಚೆನ್ನಾಗಿದೆ. ತೋಳು ಉದ್ದ ಬೇಕು ಎಂದು ಅಪ್ಪ ಅದಕ್ಕೆ ಅಮ್ಮನ ಹಳೇ ಸೀರೆಯ ತುಂಡು ಸೇರಿಸಿ ಹೊಲಿಸಿದ್ದಾನೆ. ನೀನು ಯಾವಾಗ ಬರುತ್ತೀಯ?

* * *

ಸಾನಮಾವು
೧೮ ನವೆಂಬರ್ ೧೯೪೪

ಅಕ್ಕನಿಗೆ ನಮಸ್ಕಾರ.

ಮೂರು ತಿಂಗಳು ನೀನೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಈಗ ಒಂದು ಒಳ್ಳೆಯ ಸುದ್ದಿ ಇದೆ. ಹೋದ ವಾರ ಶಾಲೆಯ ಮುನಿಶಾಮಪ್ಪ ಮೇಷ್ಟರು ನಮ್ಮ ಮನೆಗೆ ಬಂದಿದ್ದರು. ಹುಡುಗಿಯ ಹೆಸರು ಶಾಲೆಯ ಹಾಜರಿಯಲ್ಲಿ ಇನ್ನೂ ಇದೆಯಂತೆ, ಯಾಕೆ ಬರುತ್ತಿಲ್ಲ ಎಂದು ನೋಡಿಕೊಂಡು ಹೋಗಲು ಬಂದೆ ಎಂದರು. ಮೊದಲು ಅವರನ್ನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದೆ. ಆಮೇಲೆ ಪಿಳ್ಳಮ್ಮನನ್ನು ಕರೆದು ಮುಂದೆ ಕೂರಿಸಿದೆ.

ಅವರು ಕನ್ನಡ ಓದಿಸಿದರು, ತೆಲುಗು ಓದಿಸಿದರು. ಬಾಯಿಲೆಕ್ಕ ಕೇಳಿದರು. ಒಂದೂ ತಪ್ಪಲಿಲ್ಲ. ಮೇಷ್ಟರು ನನ್ನ ಬೆನ್ನು ತಟ್ಟಿ, "ಕದಿರಪ್ಪ, ನಮ್ ಇಸ್ಕೂಲ್ನಾಗಿದ್ರೂ ಇಷ್ಟು ಕಲೀತಿರ್ನಿಲ್ಲ ಬುಡು. ಸುಮ್ಕೆ ಯಾರ್ಯಾರೋ ಏನೇನೋ ಅಂತಾರೆ" ಎಂದರು. ಯಾರು ಏನಂದರೋ ಕೇಳಲಿಲ್ಲ ನಾನು.

ಹುಡುಗಿ ಒಳಗಿನಿಂದ ಬೆಲ್ಲದ ಕಾಫಿ ತಂದು ಕೊಟ್ಟಳು. ಒಲೆಯ ಮೇಲಿನ ಪಾತ್ರೆಯನ್ನು ಬಟ್ಟೆಯಿಲ್ಲದೆ ಬರಿಯ ಎಡಗೈಯಲ್ಲೇ ಹಿಡಿದು ಇಳಿಸಿದ್ದಾಳೆ, ಕಿರುಬೆರಳು ಬೊಬ್ಬೆ ಎದ್ದಿದ್ದನ್ನು ಆಮೇಲೆ ನೋಡಿದ್ದು. ಒಂದು ಹನಿ ಕಣ್ಣೀರು ಹಾಕಲಿಲ್ಲ. "ಗಟ್ಟಿ ಹುಡ್ಗಿ" ಎಂದರು ಮೇಷ್ಟರು. ಧೈರ್ಯದಲ್ಲಿ ನಿನ್ನ ಹಾಗೇ.

ಇನ್ನಾದರೂ ನಿನ್ನ ಅನುಮಾನ ಹೋಯಿತೆ?

ಕದಿರಪ್ಪ

* * *

ಕೃಷ್ಣಗಿರಿ
೫ ಡಿಸೆಂಬರ್ ೧೯೪೪

ಕದಿರಪ್ಪನಿಗೆ,

ಮೇಷ್ಟರು ಮೆಚ್ಚಿದರೆಂದು ತಿಳಿದು ಸಂತೋಷವಾಯಿತು. ಹುಡುಗಿಯನ್ನು ನೀನು ದನ ಮೇಯಿಸಲು, ಅಡಿಗೆ ಮಾಡಲು ಇಟ್ಟುಕೊಂಡಿದ್ದೀಯೇನೋ ಎಂದು ಒಂದು ಅಳುಕಿತ್ತು. ಅದು ಹೋಯಿತು.

ಆದರೆ ಒಂದು ಮಾತು. ಕೈ ಸುಟ್ಟುಕೊಂಡ ಮಗು ಅಳಬೇಕು. ನಾನು ಹಾಗೆ ಗಟ್ಟಿಯಾಗಿರಲಿಲ್ಲ ಕಣೋ, ಅಪ್ಪ ಬೆತ್ತ ತೆಗೆಯುವ ಮೊದಲೇ ಅತ್ತುಬಿಡುತ್ತಿದ್ದೆ. ನೀನು ಅಳುತ್ತಿರಲಿಲ್ಲ, ಅದಕ್ಕೇ ನಿನಗೆ ಇನ್ನೆರಡು ಹೆಚ್ಚು ಬೀಳುತ್ತಿತ್ತು. ಪಾಠ ಹೇಳುವಾಗ ನೀನೂ ಬೆತ್ತ ಹಿಡಿಯುತ್ತೀಯೇನು? ಬೈಯುವುದಿಲ್ಲ ಎಂದು ಅವಳು ಬರೆದಿದ್ದಳು. ಬೈಯುವುದಿಲ್ಲ ಎಂದು ಬರೆದಳು, ಹೊಡೆಯುವುದಿಲ್ಲ ಎಂದು ಬರೆಯಲಿಲ್ಲ. ಉದ್ದ ತೋಳಿನ ರವಿಕೆ ಯಾಕೆ ಎಂದು ಆಗಿನಿಂದ ಯೋಚಿಸುತ್ತಿದ್ದೇನೆ.

ಸಂಕ್ರಾಂತಿಗೆ ಬರುತ್ತೇನೆ. ಬೇಡ ಎಂದು ಬರೆಯಬೇಡ. ಬರೆದರೂ ಬರುತ್ತೇನೆ.

ಕನಕಮ್ಮ

* * *

ಸಾನಮಾವು
೨೪ ಜನವರಿ ೧೯೪೫

ಅಕ್ಕ,

ಇದನ್ನು ಲಕೋಟೆಯಲ್ಲಿ ಹಾಕುತ್ತಿದ್ದೇನೆ. ಅಂಟು ಸರಿಯಾಗಿದೆಯೇ ಎಂದು ಮೂರು ಸಲ ನೋಡಿದ್ದೇನೆ.

ಹಬ್ಬದ ದಿನ ನೀನು ಪಿಳ್ಳಮ್ಮನನ್ನು ಬಚ್ಚಲಿಗೆ ಕರೆದುಕೊಂಡು ಹೋದಾಗ ನಾನು ಕೊಟ್ಟಿಗೆಯಲ್ಲಿದ್ದೆ. ಮೈಗೆ ಎಣ್ಣೆ ಹಚ್ಚಬೇಡ, ತಲೆಗೆ ಮಾತ್ರ ಹಾಕು ಎಂದು ಕೂಗೋಣವೆಂದುಕೊಂಡೆ, ಕೂಗಲಿಲ್ಲ. ನೀನು ಹೊರಗೆ ಬಂದಾಗ ನಿನ್ನ ಮುಖ ನೋಡಿದೆ. ಬೆತ್ತದ ಬರೆ ಹುಡುಕಲು ಬಂದವಳಿಗೆ ಮೊಣಕೈ ಹತ್ತಿರ ಆ ಬಿಳಿಚು ಮಚ್ಚೆ ಸಿಕ್ಕಿತು. ಊಟ ಅರ್ಧಕ್ಕೆ ಬಿಟ್ಟೆ. ಬೆಳಿಗ್ಗೆ ಹೊಸೂರಿಗೆ ಹೋಗುವ ಗಾಡಿ ಹತ್ತಿ ಹೊರಟೆ, ಪಿಳ್ಳಮ್ಮ ಏಳುವವರೆಗೂ ಕಾಯಲಿಲ್ಲ. ಅಲ್ಲಿಂದ ಇದ್ದಿಲಿನಲ್ಲಿ ಓಡುವ ಬಸ್ಸು ಹೊಗೆಯಾಡಿಕೊಂಡು ಹೊರಡುವುದು ಹತ್ತು ಗಂಟೆಗೆ ಎಂದು ನಿನಗೂ ಗೊತ್ತಿತ್ತು.

ಹೋದ ವರ್ಷ ಬೇಸಿಗೆಯಲ್ಲಿ ಕಂಡೆ ಅದನ್ನು. ಬೈರಮ್ಮನ ಕಣ್ಣಿಗೆ ಬೀಳುವ ಮೊದಲು ಅವಳನ್ನು ಬರಬೇಡ ಎಂದೆ. ಶಾಲೆಯಲ್ಲಿ ಯಾರೂ ನೋಡುವ ಮೊದಲು ಹುಡುಗಿಯನ್ನು ಬಿಡಿಸಿದೆ. ಅವಲಪಲ್ಲಿಯ ವೈದ್ಯ ನನ್ನ ಮೊಣಕಾಲಿಗೆ ಬಂದವನಲ್ಲ. ತೊನ್ನು ಇರಬಹುದು, ಅಲ್ಲದೆಯೂ ಇರಬಹುದು ಎಂದ. ಸೊಪ್ಪು ಅರೆದು ಹಚ್ಚಿದೆ. ಹೋಗಲಿಲ್ಲ. ಅವಳು ಕೈ ಸುಟ್ಟುಕೊಂಡಾಗ ಧೈರ್ಯ ಎಂದು ಬರೆದೆನಲ್ಲ, ಅದು ನಿನಗೆ ಹೇಳಿದ್ದಲ್ಲ, ನನಗೆ ನಾನೇ ಹೇಳಿಕೊಂಡದ್ದು.

ನಾವು ಚಿಕ್ಕವರಿದ್ದಾಗ ಬಚ್ಚಪ್ಪನನ್ನು ಊರಾಚೆ ಗುಡಿಸಲಿಗೆ ಕಳಿಸಿದ್ದು ನಿನಗೆ ನೆನಪಿರಬೇಕು. ಕುಷ್ಠ ಎಂದು ಯಾರೋ ಒಬ್ಬರು ಅಂದರು, ಅಷ್ಟೇ. ಅವನ ಹೆಂಡತಿ ಮುದ್ದೆ ತಂದು ಕಲ್ಲಿನ ಮೇಲಿಟ್ಟು ದೂರ ನಿಂತುಕೊಳ್ಳುತ್ತಿದ್ದಳು. ನನ್ನ ಮಗಳಿಗೆ ಕಲ್ಲಿನ ಮೇಲೆ ಅನ್ನ ಇಡುವ ಹಾಗಾಗಬಾರದು. ಮನೆಯೊಳಗಿದ್ದರೂ ಪರವಾಗಿಲ್ಲ, ಓದಿಕೊಂಡು, ನನ್ನ ಜೊತೆ ಇರಲಿ.

ನರಸಿಂಹನ ಮಾತು ಮುಗಿಯಿತು ಎಂದುಕೊಂಡಿದ್ದೇನೆ. ಭಾವನಿಗೆ ಏನು ಬೇಕಾದರೂ ಹೇಳು. ನಿನ್ನನ್ನು ದೂರುವುದಿಲ್ಲ.

ಕದಿರಪ್ಪ

* * *

ಸಾನಮಾವು
೨೦ ಫೆಬ್ರವರಿ ೧೯೪೫

ಅಕ್ಕನಿಗೆ,

ನಿನ್ನಿಂದ ಕಾಗದವಿಲ್ಲ. ಅತ್ತೆ ಯಾಕೆ ಬರೆಯುವುದಿಲ್ಲ ಎಂದು ಪಿಳ್ಳಮ್ಮ ಕೇಳುತ್ತಾಳೆ. ಊರಿನಲ್ಲಿ ಎಲ್ಲರೂ ಕ್ಷೇಮ.

ಕದಿರಪ್ಪ

* * *

ಕೃಷ್ಣಗಿರಿ
೬ ಮಾರ್ಚ್ ೧೯೪೫

ಕದಿರಪ್ಪ,

ಇಷ್ಟು ದಿನ ಯಾಕೆ ಬರೆಯಲಿಲ್ಲ ಎಂದು ಮೊದಲು ಹೇಳುತ್ತೇನೆ. ಹೆದರಿದ್ದೆ. ಮನೆಗೆ ಬಂದವಳೇ ಉಟ್ಟಿದ್ದ ಸೀರೆಯನ್ನು ಕುದಿಯುವ ನೀರಿಗೆ ಹಾಕಿದೆ. ದಿನಾ ಬೆಳಿಗ್ಗೆ ನನ್ನ ಕೈಗಳನ್ನು ಬೆಳಕಿಗೆ ಹಿಡಿದು ನೋಡಿಕೊಂಡೆ. ನರಸಿಂಹನಿಗೆ ಬಡಿಸುವಾಗ ಎರಡೆರಡು ಸಲ ಕೈ ತೊಳೆದೆ. ಅವಳು ನನ್ನ ತೊಡೆಯ ಮೇಲೆ ತಲೆಯಿಟ್ಟು, "ಅತ್ತೇ, ನೀನು ಜಡೆ ಹಾಕಿದ್ರೆ ನೋವೇ ಆಗಾಕಿಲ್ಲ" ಎಂದಿದ್ದಳು. ಅದನ್ನು ನೆನೆಸಿಕೊಂಡೇ ಇದನ್ನೆಲ್ಲ ಮಾಡಿದೆ. ನಾನು ನಿನಗಿಂತ ಒಳ್ಳೆಯವಳೆಂದು ತಿಳಿಯಬೇಡ.

ಕೊನೆಗೆ ಆಸ್ಪತ್ರೆಗೆ ಹೋದೆ. ವಾರಕ್ಕೊಂದು ದಿನ ಸೇಲಂ ಕಡೆಯಿಂದ ಇದೇ ರೋಗಕ್ಕೆ ಒಬ್ಬರು ಡಾಕ್ಟರು ಬರುತ್ತಾರೆ. ಪಕ್ಕದ ಮನೆಯ ಮಗು ಎಂದು ಸುಳ್ಳು ಹೇಳಿದೆ. ಅವರು ತಮಿಳಿನಲ್ಲಿ ಕೇಳಿದ್ದು ಇಷ್ಟು: ಮಚ್ಚೆಯ ಮೇಲೆ ಹತ್ತಿಯ ಎಳೆ ಸೋಕಿಸಿದರೆ ತಿಳಿಯುತ್ತದೆಯೆ? ಬಿಸಿ, ತಣ್ಣಗೆ ಗೊತ್ತಾಗುತ್ತದೆಯೆ? ಕಿರುಬೆರಳಿನಲ್ಲಿ ಹಿಡಿತ ಇದೆಯೆ? ಕಾಫಿ ಪಾತ್ರೆಯ ವಿಷಯ ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿ, "ಆ ಪಕ್ಕದ ಮನೆಯವರನ್ನು ಬೇಗ ಕರೆದುಕೊಂಡು ಬಾಮ್ಮ" ಎಂದರು.

ಮಕ್ಕಳಿಗೆ ಹೀಗೆ ಒಂದೆರಡು ಮಚ್ಚೆಯಾಗಿ ಬರುವುದು ಇನ್ನೊಬ್ಬರಿಗೆ ಸುಲಭವಾಗಿ ಅಂಟುವುದಿಲ್ಲವಂತೆ. ವಾರ ವಾರ ಎಣ್ಣೆಯ ಸೂಜಿಮದ್ದು ಕೊಡುತ್ತಾರೆ, ವರ್ಷಕ್ಕಿಂತ ಹೆಚ್ಚೇ ಹಿಡಿಯುತ್ತದೆ. ಬಿಟ್ಟರೆ ನರ ಸತ್ತು ಬೆರಳು ಮಡಚಿಕೊಳ್ಳುತ್ತದೆ, ಆಮೇಲೆ ಯಾರಿಂದಲೂ ನೆಟ್ಟಗೆ ಮಾಡಲಾಗುವುದಿಲ್ಲ ಎಂದರು.

ಇನ್ನೊಂದು ಹೇಳಬೇಕು. ಮುನಿಶಾಮಪ್ಪ ಮೇಷ್ಟರನ್ನು ನಿನ್ನ ಮನೆಗೆ ಕಳಿಸಿದವಳು ನಾನು. ಹುಡುಗಿಯನ್ನು ಕಣ್ಣಾರೆ ನೋಡಿಕೊಂಡು ಬನ್ನಿ ಎಂದು ಬರೆದಿದ್ದೆ. ಅವರು ಓದಿಸಿದರು, ಲೆಕ್ಕ ಕೇಳಿದರು, ಮೆಚ್ಚಿ ಹೋದರು. ನಾನೂ ಅದನ್ನು ಓದಿ ಸಮಾಧಾನ ಮಾಡಿಕೊಂಡೆ. ಬೊಬ್ಬೆ ಎದ್ದ ಬೆರಳು ಅವರ ಕಣ್ಣೆದುರೇ ಇತ್ತು. ನಾವೆಲ್ಲ ಅವಳ ಪಾಠ ನೋಡಿದೆವು, ಅವಳನ್ನು ನೋಡಲಿಲ್ಲ.

ಕರೆದುಕೊಂಡು ಬಾ.

ಕನಕಮ್ಮ

* * *

ಸಾನಮಾವು
೨೦ ಮಾರ್ಚ್ ೧೯೪೫

ಕನಕಕ್ಕನಿಗೆ,

ನನ್ನ ಮನೆಗೆ ಬೇಹಿನವನನ್ನು ಕಳಿಸಿದೆ. ಅವನಿಗೆ ನನ್ನ ಮಗಳ ಕೈಯಿಂದಲೇ ಕಾಫಿ ಕೊಡಿಸಿದೆ. ಬೆನ್ನು ತಟ್ಟಿಸಿಕೊಂಡು ನಾನು ಹಿಗ್ಗಿದ್ದನ್ನು ಓದಿ ನೀನು ನಕ್ಕಿರಬೇಕು.

ವಾರ ವಾರ ಬಸ್ಸಿನಲ್ಲಿ ಕರೆದುಕೊಂಡು ಬಂದು ಆ ಆಸ್ಪತ್ರೆಯ ಬಾಗಿಲಲ್ಲಿ ಕೂರಿಸಿದರೆ ನಮ್ಮ ಕಡೆಯ ಹತ್ತು ಜನ ನೋಡುತ್ತಾರೆ. ಸಂತೆಗೆ ಬರುವವರೆಲ್ಲ ಆ ಬೀದಿಯಲ್ಲೇ ಓಡಾಡುತ್ತಾರೆ. ಡಾಕ್ಟರಿಗೆ ಬೆರಳಿನ ಚಿಂತೆ. ನನಗೆ ಹುಡುಗಿಯ ಇಡೀ ಬಾಳಿನ ಚಿಂತೆ. ಅಂಟುವುದಿಲ್ಲ ಎಂದು ಅವರು ನಿನಗೆ ಹೇಳಿದರು. ಊರಿಗೆ ಯಾರು ಹೇಳುತ್ತಾರೆ? ಹೇಳಿದರೆ ಯಾರು ನಂಬುತ್ತಾರೆ? ನೀನೇ ಸೀರೆ ಕುದಿಸಿದವಳು.

ಅವಳಿಗೆ ನಾನಿದ್ದೇನೆ. ಮಾಡಬೇಕಾದ್ದನ್ನು ಮಾಡುತ್ತೇನೆ. ಇನ್ನು ಬರೆಯಬೇಡ.

ಕದಿರಪ್ಪ

* * *

ಕೃಷ್ಣಗಿರಿ
೨ ಏಪ್ರಿಲ್ ೧೯೪೫

ಕದಿರಪ್ಪ,

ಬೇಡವೆಂದರೂ ಬರೆಯುತ್ತೇನೆ. ನಗಲಿಲ್ಲ ನಾನು.

ಒಂದೇ ಕೇಳುವುದಿದೆ. ಅವಳಿಗೆ ಹೇಳಿದ್ದೀಯಾ? ಎರಡು ಭಾಷೆ ಕಲಿಸಿದೆ, ಲೆಕ್ಕ ಕಲಿಸಿದೆ. ತನ್ನ ಕೈಗೆ ಏನಾಗಿದೆ ಎಂದು ಮಾತ್ರ ಕಲಿಸಿಲ್ಲ. ಒಲೆಯ ಮುಂದೆ ಕೂತಾಗ ಎಡಗೈಯ ಮೇಲೆ ಕಣ್ಣಿಟ್ಟಿರಬೇಕು ಎಂದು ಗೊತ್ತಿಲ್ಲದ ಮಗು ದಿನಾ ಅಡಿಗೆಮನೆಯಲ್ಲಿದೆ. ನೀನು ಹೊಲದಲ್ಲಿರುವಾಗ ಏನಾದರೂ ಆದರೆ ಬೈರಮ್ಮನೂ ಇಲ್ಲ. ಅವಳನ್ನು ಊರಿನಿಂದ ಕಾಪಾಡಲು ಹಾಕಿದ ಬಾಗಿಲು ಅವಳನ್ನು ಕಾಪಾಡುವವರನ್ನೂ ಆಚೆಗಿಟ್ಟಿದೆ.

ಮಗು ನಿನ್ನದು. ಆ ಕೈ ಅವಳದು. ಅವಳಿಗೆ ಹೇಳಿ, ಅವಳನ್ನು ಕೇಳು. ಅವಳೂ ಬೇಡ ಎಂದರೆ ನಾನು ಸುಮ್ಮನಾಗುತ್ತೇನೆ.

ನಿನ್ನ ಭಾವನಿಗೆ ಎಲ್ಲ ಹೇಳಿದ್ದೇನೆ. ಮಾರನೆಯ ದಿನ ಮಂಡಿಗೆ ಹೊರಡುವಾಗ ಚಪ್ಪಲಿ ಮೆಟ್ಟುತ್ತಾ, "ಹಿಂದಿನ ಕೋಣೇಲಿರೋ ಹುಣಸೆ ಮೂಟೆ ತೆಗೆಸ್ತೀನಿ. ಮಗು ಅಲ್ಲಿ ಮಲಗ್ಲಿ" ಎಂದರು. ನರಸಿಂಹನ ಮಾತನ್ನು ನಾನೇ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ರೋಗಕ್ಕಾಗಿ ಅಲ್ಲ. ತೊಟ್ಟಿಲಲ್ಲಿ ಮಲಗಿದ್ದವರನ್ನು ಕೇಳದೆ ನಾವು ಆಡಿಕೊಂಡ ಮಾತು ಅದು. ಆ ಮಾತಿನ ಭಾರಕ್ಕೇ ನೀನು ನನ್ನಿಂದ ಇದನ್ನೆಲ್ಲ ಮುಚ್ಚಿದೆಯೇನೋ ಎಂದು ಈಗ ಅನ್ನಿಸುತ್ತದೆ. ಅವಳು ನನ್ನ ತಮ್ಮನ ಮಗಳು, ಅಷ್ಟು ಸಾಕು.

ಕನಕಮ್ಮ

* * *

ಸಾನಮಾವು
೧೮ ಏಪ್ರಿಲ್ ೧೯೪೫

ಅಕ್ಕ,

ಹೇಳಿದೆ.

ಭಾನುವಾರ ಪಾಠ ಮುಗಿದ ಮೇಲೆ ಪುಸ್ತಕ ಮುಚ್ಚಿಸಿ, ಜಗಲಿಯಿಂದ ಒಳಗೆ ಕರೆದುಕೊಂಡು ಹೋಗಿ ಕೂರಿಸಿಕೊಂಡೆ. ಎಲ್ಲಿಂದ ಶುರು ಮಾಡುವುದೋ ತಿಳಿಯಲಿಲ್ಲ. ರವಿಕೆಯ ತೋಳು ಮಡಚಿ, "ಇಲ್ಲೊಂದು ಮಚ್ಚೆ ಐತಲ್ಲಮ್ಮ" ಎಂದೆ. ಅಷ್ಟಕ್ಕೇ ಅವಳು, "ನಂಗ್ ಗೊತ್ತು ಕಣಪ್ಪ. ಅಲ್ಲಿ ಮುಳ್ಳು ಚುಚ್ಚುದ್ರೂ ಗೊತ್ತಾಗಾಕಿಲ್ಲ" ಎಂದಳು.

ನಾನು ಹೊಲಕ್ಕೆ ಹೋದಾಗ ಜಾಲಿಮುಳ್ಳು ತಂದು ಚುಚ್ಚಿಕೊಂಡು ನೋಡುತ್ತಿದ್ದಳಂತೆ. ಎಲ್ಲಿಯವರೆಗೆ ನೋಯುತ್ತದೆ, ಎಲ್ಲಿಂದ ನೋಯುವುದಿಲ್ಲ ಎಂದು. ಮೊದಲಿಗಿಂತ ಈಗ ನೋಯದ ಜಾಗ ದೊಡ್ಡದಾಗಿದೆ ಎಂದು ತೋರಿಸಿದಳು. ಯಾಕಮ್ಮ ನನಗೆ ಹೇಳಲಿಲ್ಲ ಎಂದೆ. "ನೀನು ಅಳ್ತೀಯಾಂತ ಯೋಳ್ನಿಲ್ಲ. ಸೊಪ್ಪು ಹಚ್ಚೋವಾಗೆಲ್ಲ ನೀನು ಅತ್ತಾಗ್ ತಿರುಕ್ಕಂತಿದ್ದೆ" ಎಂದಳು.

ಒಂದು ವರ್ಷ ನಾವಿಬ್ಬರೂ ಒಂದೇ ಸೂರಿನ ಕೆಳಗೆ ಕೂತು ಒಬ್ಬರಿಂದೊಬ್ಬರು ಅದನ್ನೇ ಮುಚ್ಚಿಟ್ಟುಕೊಂಡಿದ್ದೆವು ಅಕ್ಕ. ನಾನು ಪಾಠ ಹೇಳಿದೆ, ಅವಳು ಒಪ್ಪಿಸಿದಳು.

ನೀನು ಹೇಳಿದ ಹಾಗೆ ಕೇಳಿದೆ. ಅತ್ತೆಯ ಊರಿನಲ್ಲಿ ಡಾಕ್ಟರಿದ್ದಾರೆ, ಸೂಜಿ ಹಾಕುತ್ತಾರೆ, ವರ್ಷಗಟ್ಟಲೆ ಅಲ್ಲೇ ಇರಬೇಕಾಗುತ್ತದೆ, ಜನ ನೋಡಿದರೆ ಮಾತಾಡುತ್ತಾರೆ ಎಂದು ಒಂದನ್ನೂ ಬಿಡದೆ ಹೇಳಿದೆ. ಮಡಚಿದ ತೋಳನ್ನು ತಾನೇ ಕೆಳಗಿಳಿಸಿಕೊಂಡಳು. ಆಮೇಲೆ, "ಹಸಕ್ಕೆ ನೀರು ಇಕ್ಕೋರು ಯಾರು?" ಎಂದು ಕೇಳಿದಳು. ನಾನಿಕ್ಕುತ್ತೇನೆ ಎಂದೆ. "ಹಂಗಾದ್ರೆ ಹೋಗವ" ಎಂದಳು.

ಶುಕ್ರವಾರ ಕರೆದುಕೊಂಡು ಬರುತ್ತೇನೆ.

ಕದಿರಪ್ಪ

* * *

ಕೃಷ್ಣಗಿರಿ
೨೨ ಆಗಸ್ಟ್ ೧೯೪೫

ಕದಿರಪ್ಪನಿಗೆ ಅಕ್ಕನ ಹರಕೆಗಳು.

ಯುದ್ಧ ಮುಗಿಯಿತೆಂದು ಇಲ್ಲಿ ಕಚೇರಿಗೆಲ್ಲ ರಜೆ ಕೊಟ್ಟಿದ್ದರು. ಆಸ್ಪತ್ರೆಗೆ ಮಾತ್ರ ಡಾಕ್ಟರು ಬಂದಿದ್ದರು.

ಸೂಜಿ ಹಾಕಿಸಿಕೊಳ್ಳುವುದು ಸುಲಭವಲ್ಲ. ಮಚ್ಚೆಯ ಸುತ್ತ ಚುಚ್ಚುತ್ತಾರೆ, ಎಣ್ಣೆ ಗಟ್ಟಿ, ಕೈ ಊದಿಕೊಳ್ಳುತ್ತದೆ. ಮೊದಲ ವಾರಗಳಲ್ಲಿ ಪಿಳ್ಳಮ್ಮ ತುಟಿ ಕಚ್ಚಿಕೊಂಡು ಕೂತಿರುತ್ತಿದ್ದಳು. ಈಗ ಡಾಕ್ಟರನ್ನು ಕಂಡರೇ ಅಳು ಶುರು. ನಾನು ತಡೆಯುವುದಿಲ್ಲ. ಬೆರಳಿನ ಹಿಡಿತ ಇನ್ನೂ ಇದೆ, ಮಚ್ಚೆ ದೊಡ್ಡದಾಗುವುದು ನಿಂತಿದೆ ಎನ್ನುತ್ತಾರೆ. ಹೋದ ಸ್ಪರ್ಶ ಹಿಂದಕ್ಕೆ ಬರುತ್ತದೆ ಎಂದು ಮಾತು ಕೊಡುವುದಿಲ್ಲ. ದಿನಾ ಸಂಜೆ ಕೈ ಪರೀಕ್ಷೆ ಮಾಡಿಕೊಳ್ಳಬೇಕು. ಅದನ್ನು ಅವಳೇ ಮಾಡಿಕೊಳ್ಳುತ್ತಾಳೆ, ನನಗೆ ಮರೆತರೂ ಅವಳಿಗೆ ಮರೆಯುವುದಿಲ್ಲ.

ಈ ಕಾಗದ ಬರೆಯಲು ಕೂತದ್ದು ಬೇರೆ ವಿಷಯಕ್ಕೆ. ಶಾಲೆಗೆ ಸೇರಿಸಬಹುದು ಎಂದು ಡಾಕ್ಟರು ಚೀಟಿ ಬರೆದುಕೊಟ್ಟು ಎರಡು ತಿಂಗಳಾಯಿತು. ನಾನು ಅದನ್ನು ಡಬ್ಬದಲ್ಲಿಟ್ಟಿದ್ದೇನೆ. ತಮಿಳು ಸ್ವಲ್ಪ ಬರಲಿ ಎಂದು ಮನೆಯಲ್ಲೇ ಹೇಳಿಕೊಡುತ್ತಿದ್ದೇನೆ. ನಿನ್ನೆ ಎದುರು ಮನೆಯ ಕೊಂಡಮ್ಮ ಬಂದಳು. ಅವಳು ಹೊಸಿಲು ದಾಟುವಷ್ಟರಲ್ಲಿ ನಾನು ಪಿಳ್ಳಮ್ಮನಿಗೆ, "ಒಳಗ್ ಹೋಗ್ ತಾಯಿ" ಎಂದುಬಿಟ್ಟೆ. ಹುಡುಗಿ ಪುಸ್ತಕ ಎತ್ತಿಕೊಂಡು ತಕ್ಷಣ ಎದ್ದು ಹೋದಳು. ಯಾಕೆ ಎಂದು ಕೇಳಲಿಲ್ಲ. ಅದು ಅವಳಿಗೆ ಅಭ್ಯಾಸವಾಗಿದೆ. ನಿನಗೆ ಅಷ್ಟೆಲ್ಲ ಬರೆದವಳು ನಾನು.

ಏನು ಮಾಡಲಿ ಹೇಳು.

ಕನಕಮ್ಮ

* * *

ಸಾನಮಾವು
೩ ಅಕ್ಟೋಬರ್ ೧೯೪೫

ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದ ಓದಿ ಹಲವು ದಿನ ಯೋಚಿಸಿದೆ. ನಿನಗೆ ಹೇಳುವ ಮೊದಲು ನಾನು ಒಂದು ಕೆಲಸ ಮಾಡಬೇಕಿತ್ತು.

ಬೈರಮ್ಮನ ಮನೆಗೆ ಹೋಗಿ ಎಲ್ಲ ಹೇಳಿದೆ. ಅವಳು ಕೇರುತ್ತಿದ್ದ ಮೊರ ಕೆಳಗಿಟ್ಟು, "ಆ ಮಗೀಗೆ ನಾನು ಮೂರ್ ವರ್ಸ ನೀರ್ ಹುಯ್ದಿವ್ನಿ. ಬರ್ಬೇಡ ಅಂದ್ಬುಟ್ಟಲ್ಲಪ್ಪ, ನಾನೇನ್ ಕದ್ದೆ ಅಂತ ಅಳ್ತಾ ಕೂತಿದ್ದೆ" ಎಂದಳು. ರೋಗದ ಬಗ್ಗೆ ಏನೂ ಅನ್ನಲಿಲ್ಲ. ಆದರೆ ಅವಳ ಸೊಸೆ ಕೇಳಿಸಿಕೊಂಡಳು. ಒಂದು ವಾರದಲ್ಲಿ ಊರಿಗೆಲ್ಲ ತಿಳಿಯಿತು. ಹಾಲು ಕೊಳ್ಳುತ್ತಿದ್ದ ಎರಡು ಮನೆಯವರು ಬಿಟ್ಟರು. ಬಾವಿಯ ಹತ್ತಿರ ನಾನು ಹೋದರೆ ಕೆಲವರು ಬಿಂದಿಗೆ ಎತ್ತಿಕೊಂಡು ಸರಿಯುತ್ತಾರೆ. ಕೆಲವರು ಸರಿಯುವುದಿಲ್ಲ. ಮುನಿಶಾಮಪ್ಪ ಮೇಷ್ಟರು ಬಂದು ಜಗಲಿಯ ಮೇಲೆ ಕೂತು ಎಲ್ಲರಿಗೂ ಕಾಣುವ ಹಾಗೆ ನೀರು ಕೇಳಿ ಕುಡಿದು ಹೋದರು. ನಾನು ಹೆದರಿದಷ್ಟು ಆಗಲಿಲ್ಲ, ಏನೂ ಆಗಲಿಲ್ಲವೆಂದೂ ಅಲ್ಲ.

ಆದ್ದರಿಂದ ಇನ್ನು ನೀನು ಯಾರಿಂದಲೂ ಮುಚ್ಚಬೇಕಾಗಿಲ್ಲ. ಚೀಟಿ ತೆಗೆದುಕೊಂಡು ಹೋಗಿ ಶಾಲೆಯವರಿಗೆ ಕೊಡು. ಈ ವರ್ಷ ಆಗದಿದ್ದರೆ ಬರುವ ವರ್ಷ. ಬೇಡ ಎಂದರೆ ಮತ್ತೆ ಹೋಗು. ನಾನೂ ಬರುತ್ತೇನೆ.

ಅವಳಿಗೆ ನಾನು ಕಲಿಸಿದ್ದಕ್ಕೆ ನನಗೆ ನಾಚಿಕೆಯಿಲ್ಲ ಅಕ್ಕ. ಒಬ್ಬನೇ ಸಾಕು ಎಂದುಕೊಂಡೆನಲ್ಲ, ಅದಕ್ಕಿದೆ.

ಕದಿರಪ್ಪ

* * *

ಕೃಷ್ಣಗಿರಿ
೧೯ ಜೂನ್ ೧೯೪೬

ಕದಿರಪ್ಪ,

ನೀನು ಬಂದು ಟೀಚರಮ್ಮನ ಮುಂದೆ ನಿಂತು ಮಾತಾಡಿ ಹೋದ ಮೇಲೆ ಅವರು ಮೂರು ಸಲ ತಿರುಗಿಸಿ, ಡಾಕ್ಟರನ್ನೇ ಶಾಲೆಗೆ ಕರೆಸಿ ಕೇಳಿ, ಕೊನೆಗೆ ಸೋಮವಾರ ಸೇರಿಸಿಕೊಂಡರು. ಲೆಕ್ಕದಲ್ಲಿ ಮುಂದಿದ್ದಾಳೆ, ತಮಿಳಿನಲ್ಲಿ ಹಿಂದಿದ್ದಾಳೆ. ಮೊದಲ ದಿನ ಒಬ್ಬ ಹುಡುಗಿಯ ತಾಯಿ ಬಂದು ಜಾಗ ಬದಲಾಯಿಸಿ ಎಂದಳಂತೆ, ಬದಲಾಯಿಸಿದರಂತೆ. ಪಿಳ್ಳಮ್ಮ ಅದನ್ನು ಅನ್ನ ಕಲಸಿಕೊಳ್ಳುತ್ತಾ ಹೇಳಿದಳು. ಏನನ್ನಿಸಿತು ಎಂದೆ. "ಕಿಟಕಿ ಪಕ್ಕ ಸಿಕ್ತು" ಎಂದಳು.

ನಿನ್ನೆ ಶಾಲೆ ಬಿಟ್ಟು ಬಹಳ ಹೊತ್ತಾದರೂ ಬರಲಿಲ್ಲ. ನರಸಿಂಹನನ್ನು ಕಳಿಸೋಣವೆಂದರೆ ಅವನೂ ಮನೆಯಲ್ಲಿರಲಿಲ್ಲ. ಒಲೆಯ ಮೇಲಿನ ಸಾರು ಇಳಿಸಿ, ಬಾಗಿಲು ಎಳೆದುಕೊಂಡು ಓಡಿದೆ. ಯಾರು ಏನಂದರೋ, ಎಲ್ಲಿ ಕೂತು ಅಳುತ್ತಿದ್ದಾಳೋ ಎಂದು ದಾರಿಯುದ್ದಕ್ಕೂ ಏನೇನೋ ಯೋಚನೆ ಬಂತು.

ಶಾಲೆಯ ಅಂಗಳದಲ್ಲಿ ನಾಲ್ಕೈದು ಹುಡುಗಿಯರು ನೆಲದ ಮೇಲೆ ಗೆರೆ ಎಳೆದು ಕುಂಟೆಬಿಲ್ಲೆ ಆಡುತ್ತಿದ್ದರು. ಪಿಳ್ಳಮ್ಮ ಅವರ ನಡುವೆ ಇದ್ದಳು. ಅವಳಿಗೆ ಆಟ ಬರುವುದಿಲ್ಲ, ಕುಂಟುವಾಗ ಎರಡು ಸಲ ಮುಗ್ಗರಿಸಿದಳು. ಒಬ್ಬ ಹುಡುಗಿ ಸೊಂಟದ ಮೇಲೆ ಕೈಯಿಟ್ಟುಕೊಂಡು, ಗೆರೆ ತುಳಿದೆ, ನಿನ್ನ ಸರದಿ ಮುಗಿಯಿತು ಎಂದು ತಮಿಳಿನಲ್ಲಿ ಕೂಗಿದಳು. ತುಳಿದಿಲ್ಲ ಎಂದಳು ಪಿಳ್ಳಮ್ಮ. ತುಳಿದಿದ್ದಳು, ನಾನೇ ನೋಡಿದೆ. ಆದರೂ ಬಿಡಲಿಲ್ಲ. ಅರ್ಧ ತಮಿಳು, ಅರ್ಧ ಕನ್ನಡದಲ್ಲಿ, ಮುಖ ಕೆಂಪಗೆ ಮಾಡಿಕೊಂಡು, ನಮ್ಮೂರಿನ ಬಾವಿಕಟ್ಟೆಯ ಹೆಂಗಸರ ಹಾಗೆ ವಾದ ಮಾಡಿದಳು. ಅವಳು ಒಬ್ಬರ ಜೊತೆ ಜಗಳವಾಡಿದ್ದನ್ನು ನಾನು ಕಂಡದ್ದು ಇದೇ ಮೊದಲು.

ಕತ್ತಲಾಗುತ್ತಾ ಬಂತು, ಕರೆಯೋಣವೆಂದು ಬಾಯಿ ತೆರೆದೆ. ಕರೆಯಲಿಲ್ಲ. ಅವಳಿಗೆ ಕಾಣದ ಹಾಗೆ ಗೇಟಿನ ಕಂಬದ ಮರೆಗೆ ಸರಿದು, ಅವಳ ಸರದಿ ಮತ್ತೊಮ್ಮೆ ಬರುವವರೆಗೆ ನಿಂತಿದ್ದೆ.

ಕನಕಮ್ಮ